ಮೊದಲು ಗಾಳಿಯನ್ನು ಹೊರಗೆ ಬಿಡು

ದಾವಣಗೆರೆ

ಚಿ. ಕು. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಮಂಗಳೂರಿನ ಸೆಕೆ ನಿನಗೆ ಒಗ್ಗಿದೆ ಎಂದುಕೊಂಡಿದ್ದೇನೆ. ನೀನು ಮೊಬೈಲಿಗೆ ಕಳಿಸಿದ ಕಾಲೇಜಿನ ಪ್ರಯೋಗದ ಅಂಕಿಗಳ ಹಾಳೆಯನ್ನು ಹಿಗ್ಗಿಸಿ ಹಿಗ್ಗಿಸಿ ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಪ್ಪಾ’ ಎಂದು ಮುಗಿಸಿಬಿಡುತ್ತೀಯೆ, ಅದಕ್ಕೇ ಈ ಕಾಗದ.

ಹಬೆಯ ಪೆಟ್ಟಿಗೆಯಲ್ಲಿ ಒಳಗೆ ತಣ್ಣೀರು ಹರಿಯುವ ಎರಡು ಕೊಳವೆಗಳ ಪ್ರಯೋಗ. ಬರಿಯ ತಾಮ್ರದ ಕೊಳವೆಯ ಮೇಲೆ ಹಬೆ ತಣಿದು ನೀರಿನ ಪದರವಾಗಿ ಇಳಿಯುತ್ತದೆ. ಚಿನ್ನದ ಲೇಪವಿರುವ ಕೊಳವೆಯ ಮೇಲೆ ಹನಿಹನಿಯಾಗಿ ಕಟ್ಟಿ ಉರುಳುತ್ತದೆ. ಹನಿಯ ಕೊಳವೆ ಹಲವು ಪಟ್ಟು ಹೆಚ್ಚು ಶಾಖ ದಾಟಿಸಬೇಕೆಂದು ಪುಸ್ತಕ ಹೇಳುತ್ತದೆ. ನಿನ್ನ ಹಾಳೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ‘ಎರಡನೆಯ ಸಾಲನ್ನು ಸ್ವಲ್ಪ ತಿದ್ದಿಬಿಡಲೇ, ಎಲ್ಲರೂ ಹಾಗೇ ಮಾಡುತ್ತಾರೆ’ ಎಂದು ಕೇಳಿದ್ದೀಯೆ. ಬೇಡ. ನೀತಿಪಾಠಕ್ಕಾಗಿ ಹೇಳುತ್ತಿಲ್ಲ. ನೀನು ಅಳಿಸಲು ಹೊರಟಿರುವ ಆ ಅಂಕಿಯೇ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂಬ ಗುಟ್ಟನ್ನು ಬಿಟ್ಟುಕೊಡುತ್ತಿದೆ.

ನಾನು ಗಿರಣಿಯ ಸೈಜಿಂಗ್ ವಿಭಾಗಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಹಾಸುನೂಲಿಗೆ ಗಂಜಿ ಕುಡಿಸಿ, ಹಿಂಡಿ, ಹಬೆ ತುಂಬಿದ ದೊಡ್ಡ ಉರುಳೆಗಳ ಮೇಲೆ ಹಾಯಿಸಿ ಒಣಗಿಸುವ ಕೆಲಸ. ನಿನ್ನ ಇಡೀ ಪಠ್ಯ ಆ ಉರುಳೆಯ ತಗಡಿನ ಎರಡು ಮಗ್ಗುಲಲ್ಲಿತ್ತು: ಒಳಮೈಯಲ್ಲಿ ಹಬೆ ನೀರಾಗುತ್ತಿತ್ತು, ಹೊರಮೈಯಲ್ಲಿ ನೂಲಿನ ನೀರು ಹಬೆಯಾಗುತ್ತಿತ್ತು. 100 ಡಿಗ್ರಿಯ ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 2257 ಕಿಲೋಜೂಲ್ ಬಿಟ್ಟುಕೊಡುತ್ತದೆ. ಅಷ್ಟೇ ನೀರನ್ನು ಸೊನ್ನೆಯಿಂದ ಕುದಿಯುವವರೆಗೆ ಕಾಯಿಸಲು ಅದರ ಐದನೇ ಒಂದು ಪಾಲೂ ಬೇಡ. ಹಬೆಯ ಸುಟ್ಟಗಾಯ ಅಷ್ಟು ಕ್ರೂರವಾಗಿರುವುದು ಇದೇ ಕಾರಣಕ್ಕೆ. ವಾಲ್ವ್ ತೆರೆಯುವಾಗ ಮುಖ, ಕೈ ಎರಡನ್ನೂ ಪಕ್ಕಕ್ಕಿಡು.

ವಾರದ ರಜೆ ಮುಗಿದ ಒಂದು ಬೆಳಗಿನ ಪಾಳಿ. ಉರುಳೆಗಳ ಎರಡೂ ತುದಿಯ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಮೂರನೆಯ ಉರುಳೆಯ ಆಚೆ ತುದಿ ತಣ್ಣಗಿದೆ ಎಂದು ಥರ್ಮಾಮೀಟರು ತೋರಿಸಿತು. ಒತ್ತಡದ ಮುಳ್ಳು ಎಂದಿನ ಜಾಗದಲ್ಲೇ ನಿಂತಿತ್ತು. ಹಾಗಾದರೆ ಥರ್ಮಾಮೀಟರೇ ಕೆಟ್ಟಿರಬೇಕು ಎಂದುಕೊಂಡು ಹಿಂದಿನ ದಿನದ ಅಂಕಿಯನ್ನೇ ನಕಲು ಮಾಡಿದೆ. ನೂಲು ಸುತ್ತುವ ದಿಂಡಾದ ಬೀಮಿನ ಒಂದು ಅಂಚಿನ ನೂಲು ಹಸಿಯಾಗಿಯೇ ಸುತ್ತಿಕೊಂಡಿತು. ಎಳೆಗೆ ಎಳೆ ಅಂಟಿ, ಮಗ್ಗಕ್ಕೆ ಏರಿಸಿದ ಮೇಲೆ ಪಟಪಟನೆ ಕಡಿಯತೊಡಗಿತು.

ಹಿರಿಯ ಜಾಬರ್, ಅಂದರೆ ಮೇಸ್ತ್ರಿ, ಒಬ್ಬರು ಬಂದರು. ಬೈಯಲಿಲ್ಲ. ಬೆರಳನ್ನು ನೀರಿಗೆ ಅದ್ದಿ ಉರುಳೆಯ ಈಚೆ ತುದಿಗೆ ಚಿಮುಕಿಸಿದರು: ಚುಂಯ್. ಆಚೆ ತುದಿಗೆ ಚಿಮುಕಿಸಿದರು: ಹನಿ ಸದ್ದಿಲ್ಲದೆ ಜಾರಿತು. ತುದಿಯಲ್ಲಿದ್ದ ಗಾಳಿ ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿದರು. ಬಹಳ ಹೊತ್ತು ಬರಿಯ ಸುಸ್ಸೆಂಬ ಸದ್ದು, ಆಮೇಲೆ ಬಿಳಿ ಹಬೆ. ಮತ್ತೆ ಚಿಮುಕಿಸಿದರು: ಚುಂಯ್. ನನ್ನ ಬರಹದ ಪುಸ್ತಕವನ್ನು ಒಮ್ಮೆ ನೋಡಿ, ಮುಚ್ಚಿ, ನನ್ನ ಕೈಗಿಟ್ಟು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ರಜೆಯಲ್ಲಿ ಉರುಳೆ ತಣಿದಾಗ ಒಳಗಿನ ಹಬೆ ನೀರಾಗಿ, ತೆರವಾದ ಜಾಗಕ್ಕೆ ಹೊರಗಿನ ಗಾಳಿ ನುಗ್ಗಿತ್ತು. ಮುಳ್ಳು ಸುಳ್ಳು ಹೇಳಿರಲಿಲ್ಲ, ಹಬೆಯ ಒತ್ತಡಕ್ಕೆ ಗಾಳಿಯದನ್ನೂ ಕೂಡಿಸಿ ತೋರಿಸಿತ್ತು, ಅಷ್ಟೇ. ಆದರೆ ನಷ್ಟವಾದದ್ದು ಬರಿಯ ಆ ಪಾಲಿನಿಂದಲ್ಲ. ದುಗ್ಗಮ್ಮನ ಜಾತ್ರೆಯನ್ನು ನೆನೆಸಿಕೋ. ಒಳಗೆ ಹೋಗುವವರು ಹೋಗುತ್ತಲೇ ಇರುತ್ತಾರೆ, ಒಳಗೂ ಹೋಗದೆ ಹಿಂದಕ್ಕೂ ಸರಿಯದೆ ಬಾಗಿಲಲ್ಲೇ ನಿಂತವರಿಂದ ಸಾಲು ಕಟ್ಟುತ್ತದೆ. ಹಬೆ ತಣ್ಣನೆಯ ಗೋಡೆಯತ್ತ ಹರಿಯುವಾಗ ಗಾಳಿಯನ್ನೂ ಜೊತೆಗೆ ಎಳೆದು ತರುತ್ತದೆ. ಹಬೆ ನೀರಾಗಿ ಇಳಿದುಹೋಗುತ್ತದೆ, ಗಾಳಿ ಗೋಡೆಯ ಬಳಿಯೇ ಗುಂಪುಗಟ್ಟುತ್ತದೆ. ಹಿಂದಿನಿಂದ ಬರುವ ಹಬೆ ಆ ಗುಂಪಿನ ನಡುವೆ ನುಸುಳಿಕೊಂಡೇ ಗೋಡೆ ಮುಟ್ಟಬೇಕು. ಶಾಖದ ದಾಟುವಿಕೆ ಅಲ್ಲಿಗೆ ವಸ್ತುವಿನ, ಅಂದರೆ ಹಬೆಯ, ದಾಟುವಿಕೆಗೆ ಅಡಿಯಾಳಾಯಿತು.

ಎಷ್ಟು ಗಾಳಿ ಸಾಕು ಗೊತ್ತೇ? 1929ರಲ್ಲಿ ಓತ್ಮರ್ ಎಂಬ ಅಮೆರಿಕದ ರಸಾಯನ ಎಂಜಿನಿಯರ್ ಅಳೆದು ನೋಡಿದ. ಹಬೆಯ ಗಾತ್ರದಲ್ಲಿ ಶೇಕಡಾ ಅರ್ಧದಷ್ಟು ಗಾಳಿ ಸೇರಿದರೂ ಶಾಖ ದಾಟುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ನಿನ್ನ ಪುಸ್ತಕದ ಸೂತ್ರ ನುಸೆಲ್ಟ್ ಎಂಬ ಜರ್ಮನಿಯ ಎಂಜಿನಿಯರ್ 1916ರಲ್ಲಿ ಕಟ್ಟಿದ್ದು. ಹಬೆ ಶುದ್ಧ, ಅಡ್ಡಿ ಏನಿದ್ದರೂ ಜಾರುವ ನೀರಿನ ಪದರದಲ್ಲಿ ಮಾತ್ರ ಎಂಬ ಕರಾರಿನ ಮೇಲೆ ಅದು ನಿಂತಿದೆ. ಚಿನ್ನದ ಕೊಳವೆ ಮಾಡುವುದೂ ಆ ನೀರಿನ ಅಡ್ಡಿಯನ್ನು ಒಡೆಯುವ ಕೆಲಸವನ್ನೇ. ನೀರಿನ ಹೊರಗೆ ಗಾಳಿಯ ಪದರವೊಂದು ಕೂತಿದ್ದರೆ ಚಿನ್ನವೂ ಒಂದೇ, ತಾಮ್ರವೂ ಒಂದೇ. ನಿನ್ನ ಎರಡು ಸಾಲುಗಳು ಜೋಡಿಯಾಗಿ ನಿಂತದ್ದು ಬಹುಶಃ ಇದಕ್ಕೇ.

ಬಹುಶಃ ಎಂದೆ, ಏಕೆಂದರೆ ನಾನು ನಿನ್ನ ಯಂತ್ರವನ್ನು ಕಂಡಿಲ್ಲ. ಲೇಪದ ಮೇಲೆ ಜಿಡ್ಡೋ ಕೊಳೆಯೋ ಕೂತು ಅಲ್ಲಿಯೂ ನೀರು ಪದರವೇ ಆಗಿರಬಹುದು. ಅದನ್ನು ಗಾಜಿನ ಹೊರಗಿನಿಂದ ಕಣ್ಣಿಟ್ಟು ನೋಡು: ಹನಿ ನಿಂತು, ಬೆಳೆದು, ಉರುಳುತ್ತಿದ್ದರೆ ಲೇಪದ ತಪ್ಪಿಲ್ಲ. ಕೊಳವೆಯೊಳಗಿನ ತಣ್ಣೀರಿನ ಹರಿವನ್ನು ಹೆಚ್ಚಿಸಿ ಇನ್ನೊಂದು ಅಳತೆ ತೆಗೆ. ಫಲಿತಾಂಶ ಜಿಗಿದರೆ ಅಡ್ಡಿ ಒಳಗಿನ ನೀರಿನ ಕಡೆಗಿತ್ತು ಎಂದಾಯಿತು. ಇವೆರಡೂ ಅಲ್ಲವಾದರೆ ಗಾಳಿಯ ವಾಲ್ವನ್ನು ತೆರೆದು ಹಬೆ ಚೆನ್ನಾಗಿ ಹಾಯಲು ಬಿಡು. ಓಡುವ ಹಬೆ ಗೋಡೆಯ ಬಳಿ ಗಾಳಿ ಗುಂಪುಗಟ್ಟಲು ಬಿಡುವುದಿಲ್ಲ.

ನಿನ್ನ ದೊಡ್ಡಮ್ಮನಿಗೆ ಇದನ್ನು ಯಾರೂ ಕಲಿಸಿಲ್ಲ. ಆದರೂ ಕುಕ್ಕರಿನ ಕೊಳವೆಯಿಂದ ಹಬೆ ಒಂದೇ ಸಮ ಏಳುವವರೆಗೆ ಅವಳು ವೇಟ್ ಹಾಕಿದ್ದನ್ನು ನಾನು ಕಂಡಿಲ್ಲ. ‘ಮೊದಲು ಗಾಳಿ ಹೋಗಲಿ’ ಎನ್ನುತ್ತಾಳೆ. ನಿನ್ನ ಹಾಸ್ಟೆಲಿನ ಬಟ್ಟೆ ಒಣಗದಿರುವುದೂ ದೂರದ ಕಥೆಯಲ್ಲ. ಬಟ್ಟೆಗಂಟಿದ ಗಾಳಿಯಲ್ಲಿರುವ ನೀರಾವಿಗೂ ಸುತ್ತಲಿನ ಗಾಳಿಯಲ್ಲಿರುವುದಕ್ಕೂ ಅಂತರವಿದ್ದಷ್ಟು ಒಣಗುವ ವೇಗ ಎಂದು ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ 1802ರ ಹೊತ್ತಿಗೇ ಹೇಳಿದ್ದ. ನಮ್ಮ ಮಾರ್ಚ್ ತಿಂಗಳ ಒಣ ಗಾಳಿಗೆ ಪಂಚೆ ಹರವಿ ತಿರುಗುವಷ್ಟರಲ್ಲಿ ಗರಿಗರಿ. ನಿನ್ನಲ್ಲಿ ಆ ಅಂತರವೇ ಕಡಿಮೆ, ಫ್ಯಾನಾದರೂ ಹಾಕು.

ಹಳೆಯ ಅಂಕಿಗಳನ್ನು ಅಳಿಸಬೇಡ. ಗಾಳಿ ಬಿಡುವ ಮೊದಲಿನದು, ಬಿಟ್ಟ ನಂತರದ್ದು, ಎರಡನ್ನೂ ಪಕ್ಕಪಕ್ಕ ಬರೆದು ವರದಿ ಒಪ್ಪಿಸು. ಮಾಸ್ತರರು ಪ್ರಶ್ನೆ ಕೇಳಿದರೆ ನಿನಗೆ ಹೇಳಲು ಮಾತಿರುತ್ತದೆ. ತಿದ್ದಿದ ಸಾಲಿಗೆ ಪ್ರಶ್ನೆ ಬಂದರೆ ನೆಲ ನೋಡಬೇಕಾಗುತ್ತದೆ, ನಾನು ನೋಡಿದ್ದೇನೆ.

ಹೊಸ ಅಂಕಿ ಬಂದ ದಿನವೇ ಕಳಿಸು. ಶನಿವಾರದ ಬಸ್ಸಿಗೆ ಎರಡು ಸೇರು ಮಂಡಕ್ಕಿ ಇಡುತ್ತಿದ್ದೇನೆ. ಕಳೆದ ಸಲದಂತೆ ಕಾಗದದ ಪೊಟ್ಟಣದಲ್ಲೇ ಬಿಟ್ಟು ಮೆತ್ತಗಾಯಿತೆಂದು ದೂರಬೇಡ, ಬಂದ ಕೂಡಲೇ ಡಬ್ಬಿಗೆ ಸುರಿದು ಮುಚ್ಚಳ ಬಿಗಿ ಮಾಡು.

ಇಂತಿ,
ನಿನ್ನ ದೊಡ್ಡಪ್ಪ