ಉದ್ದು ಬಿತ್ತುವವರು ಈಗಲೇ ಮಣ್ಣು ಪರೀಕ್ಷೆ ಮಾಡಿಸಿ

ಎಲ್ಲರಿಗೂ ನಮಸ್ಕಾರ. ಭತ್ತದ ಕೊಯ್ಲು ಹತ್ತಿರ ಬಂತು, ಆಮೇಲೆ ಅದೇ ಗದ್ದೆಗೆ ಉದ್ದು, ಅಲಸಂಡೆ. ಅದಕ್ಕೇ ಈ ಮಾತು.

ಕಳೆದ ವರ್ಷ ನಮ್ಮ ಮಜಲು (ಮಧ್ಯಮ ಎತ್ತರದ) ಗದ್ದೆಯಲ್ಲಿ ಉದ್ದಿನ ಗಿಡ ಗೇಣುದ್ದಕ್ಕೇ ನಿಂತಿತು. ನೀರು ಸಾಲದು ಅಂದುಕೊಂಡೆ. ಒಂದು ಗಿಡ ಕಿತ್ತು ತೊಳೆದರೆ ಬೇರು ಗಿಡ್ಡ, ತುದಿ ದಪ್ಪಗಾಗಿ ಕಂದು ತಿರುಗಿತ್ತು. ಕೂದಲಿನಂಥ ಸಣ್ಣ ಬೇರುಗಳೇ ಇಲ್ಲ, ಗಾಳಿಯ ಸಾರಜನಕ ಹಿಡಿದುಕೊಡುವ ಬೇರುಗಂಟೂ ಇಲ್ಲ. ಮಣ್ಣಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ನೋಡಿಸಿದಾಗ 4.7.

ನಮ್ಮ ಮುರಕಲ್ಲು ಮಣ್ಣಿನ ಸುಣ್ಣದಂಶ ಮಳೆಗೆ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಮಣ್ಣಿನಲ್ಲೇ ಇರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೆ ಪೆಟ್ಟು ಕೊಡುತ್ತದೆ, ಗಿಡಕ್ಕೆ ಬೇಕಾದ ರಂಜಕವನ್ನೂ (ಫಾಸ್ಫರಸ್) ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹಾಕಿದ ಗೊಬ್ಬರ ದಂಡ. ಹಾಗಾದರೆ ಅದೇ ಗದ್ದೆಯಲ್ಲಿ ಭತ್ತ ಹೇಗೆ ಬಂತು? ನೀರು ನಿಂತಿರುವಾಗ ಮಣ್ಣಿನ ಹುಳಿ ತಾನಾಗಿ ಕಡಿಮೆಯಾಗುತ್ತದೆ, ನೀರು ಬಸಿದು ಒಣಗಿದ ಮೇಲೆ ತಿರುಗಿ ಬರುತ್ತದೆ. ಪೆಟ್ಟು ಬೀಳುವುದು ಉದ್ದಿಗೆ.

ದಯವಿಟ್ಟು ಅಂದಾಜಿಗೆ ಸುಣ್ಣ ಸುರಿಯಬೇಡಿ, ಹೆಚ್ಚಾದರೆ ಸತು, ಬೋರಾನ್ ಸಿಗದೆ ಗಿಡ ಬಡವಾಗುತ್ತದೆ. ವರದಿಯಲ್ಲಿ ಹೇಳಿದಷ್ಟೇ ಕೃಷಿ ಸುಣ್ಣ ಅಥವಾ ಡೋಲೊಮೈಟನ್ನು (ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಕಲ್ಲಿನ ಪುಡಿ) ಕೊಯ್ಲಾದ ಕೂಡಲೇ ಹಾಕಿ ಉಳುಮೆ ಮಾಡಿ. ಯೂರಿಯಾ ಜೊತೆ ಬೆರೆಸಲೇಬೇಡಿ. ಹಟ್ಟಿಗೊಬ್ಬರ ಧಾರಾಳ ಹಾಕಿ, ಅದು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ.

ಗದ್ದೆಯ ಎಂಟು-ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಹೆಸರು, ಗದ್ದೆ ಬರೆದಿಡಿ. ಶನಿವಾರ ನಾನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುತ್ತೇನೆ, ಶುಕ್ರವಾರ ಸಂಜೆಯೊಳಗೆ ನಮ್ಮ ಮನೆಗೆ ತಲುಪಿಸಿ.