ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ ಇರುವ ಸದಸ್ಯರ ಗಮನಕ್ಕೆ

ಹಳೆಯ ಪಿಕಪ್ಪನ್ನು ಕಚ್ಚಾ ದಾರಿಗೆ ಸಜ್ಜುಗೊಳಿಸುತ್ತಿರುವ ಸದಸ್ಯರು, ಲಿಫ್ಟ್ ಕಿಟ್ (ವಾಹನವನ್ನು ನೆಲದಿಂದ ಎತ್ತರಿಸುವ ಬಿಡಿಭಾಗಗಳು) ಮತ್ತು ದೊಡ್ಡ ಟೈರುಗಳಿಗೆ ಹಣ ಹಾಕುವ ಮೊದಲು ದಯವಿಟ್ಟು ಚಾಸಿಯ (ವಾಹನದ ಅಡಿಯ ಲೋಹದ ಚೌಕಟ್ಟಿನ) ತುಕ್ಕನ್ನು ಪರೀಕ್ಷಿಸಿಕೊಳ್ಳಬೇಕು. ಚಾಸಿಯ ಟೊಳ್ಳು ಭಾಗಗಳೊಳಗೆ ಕೆಸರು ಕೂತು ತೇವ ಹಿಡಿದಿಟ್ಟುಕೊಳ್ಳುವುದರಿಂದ, ಹೊರಗಿನ ಬಣ್ಣ ಚೆನ್ನಾಗಿದ್ದರೂ ಒಳಗಿನ ಲೋಹ ತೆಳುವಾಗಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹ ಖಣಖಣ ಎನ್ನುತ್ತದೆ, ತುಕ್ಕು ತಿಂದ ಜಾಗದ ಸದ್ದು ಮಂದವಾಗಿರುತ್ತದೆ. ತುಕ್ಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ದಪ್ಪ ಅಂಡರ್‌ಕೋಟಿಂಗ್ (ವಾಹನದ ತಳಕ್ಕೆ ಹಚ್ಚುವ ರಕ್ಷಣಾ ಲೇಪ) ಬಳಿಸುವುದು, ನನ್ನ ಅಭಿಪ್ರಾಯದಲ್ಲಿ, ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು.

ನೀರು ದಾಟುವವರು ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಒದಗಿಸುವ ಕೊಳವೆ) ಜೊತೆಗೆ ಡಿಫರೆನ್ಷಿಯಲ್‌ನ (ಆಕ್ಸಲ್‌ನಲ್ಲಿರುವ ಗೇರುಗಳ ಪೆಟ್ಟಿಗೆಯ) ಬ್ರೀದರ್ ಕೊಳವೆಯನ್ನೂ, ಅಂದರೆ ಅದರೊಳಗಿನ ಗಾಳಿ ಹೋಗಿಬರುವ ಕೊಳವೆಯನ್ನೂ, ಎತ್ತರಕ್ಕೆ ಒಯ್ಯಲೇಬೇಕು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಬ್ರೀದರ್ ಅಥವಾ ಹಳೆಯ ಸೀಲುಗಳ ಮೂಲಕ ನೀರು ಒಳಸೇರಬಹುದು. ಹೀಗೆ ನೀರು ಸೇರಿ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಕೂಡಲೇ ಬದಲಿಸಿ.