ಬಾಣಂತನ ಮುಗಿದ ಮೇಲೆ ಓದಬೇಕಾದ ಪತ್ರ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ "ಗೆಟ್ಟಿಸ್‌ಬರ್ಗ್‌ನಲ್ಲಿ ಏನು ನೋಡಿದೆಯಮ್ಮ?" ಎಂದು ನೀನು ಕೇಳಿದೆ. "ಬಯಲು, ಫಿರಂಗಿ, ಕಲ್ಲುಗಳು" ಎಂದಷ್ಟೇ ಹೇಳಿ ನಾನು ಕೈತೊಳೆಯಲು ಎದ್ದೆ. ಆರು ತಿಂಗಳ ಬಸುರಿಯ ಮುಂದೆ ಮಸಣದ ಮಾತು ಆಡಬಾರದು ಎಂದು ನಿನ್ನ ಅಜ್ಜಿ ಹೇಳುತ್ತಿದ್ದಳು. ಆದರೆ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ. ಬಾಣಂತನ ಮುಗಿಸಿ ಊರಿಗೆ ಹೊರಡುವ ದಿನ ನಿನ್ನ ಕೈಗೆ ಕೊಡುತ್ತೇನೆ.

ದಾರಿಯುದ್ದಕ್ಕೂ ಅಳಿಯಂದಿರು ಅಮೆರಿಕದ ಅಂತರ್ಯುದ್ಧದ ಕಥೆ ಹೇಳುತ್ತಾ ಬಂದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟುಹೋದ ದಕ್ಷಿಣದ ರಾಜ್ಯಗಳ ಸೈನ್ಯ ಒಂದು ಕಡೆ, ಉತ್ತರದ ಸೈನ್ಯ ಇನ್ನೊಂದು ಕಡೆ. ಗೆಟ್ಟಿಸ್‌ಬರ್ಗ್ ಊರಿನಲ್ಲಿ ಅವರ ಕಾಳಗ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ, ಮೂರೇ ದಿನ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಮಂದಿ. ಊರಿನ ಜನಸಂಖ್ಯೆ ಸುಮಾರು 2,400. ಎರಡೂ ಸೈನ್ಯಗಳು ಹೊರಟುಹೋದವು. 7,000ಕ್ಕೂ ಹೆಚ್ಚು ಹೆಣಗಳು, 20,000ಕ್ಕೂ ಹೆಚ್ಚು ಗಾಯಾಳುಗಳು ಆ ಪುಟ್ಟ ಊರಿನ ತಲೆಯ ಮೇಲೆ ಬಿದ್ದರು.

ನಿಜ ಹೇಳುತ್ತೇನೆ, ಲೆಕ್ಕ ಕೇಳಿದಾಗ ನನಗೇನೂ ಆಗಲಿಲ್ಲ. ಅಷ್ಟು ದೊಡ್ಡ ಸಂಖ್ಯೆ ಎದೆಗೆ ಇಳಿಯುವುದಿಲ್ಲ. ಎವರ್‌ಗ್ರೀನ್ ಎಂಬ ಸ್ಮಶಾನದಲ್ಲಿ ಒಂದು ಕಂಚಿನ ಪ್ರತಿಮೆ ಇದೆ ನೋಡು, ಅಲ್ಲಿ ನನ್ನ ಕಾಲುಗಳು ನಿಂತುಬಿಟ್ಟವು. ಅದು ಸೇನಾಪತಿಯದಲ್ಲ. ಒಬ್ಬ ಬಸುರಿ ಹೆಂಗಸು. ಸಲಿಕೆಗೆ ಒರಗಿ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಾಳೆ, ಇನ್ನೊಂದು ಕೈ ಹೊಟ್ಟೆಯ ಮೇಲಿದೆ.

ಅವಳ ಹೆಸರು ಎಲಿಜಬೆತ್ ಥಾರ್ನ್. ಜರ್ಮನಿಯಿಂದ ವಲಸೆ ಬಂದವಳು. ಗಂಡ ಆ ಸ್ಮಶಾನದ ಕಾವಲುಗಾರ. ಅವನು ಸೈನ್ಯ ಸೇರಿ ದೂರ ಹೋದ ಮೇಲೆ ಆ ಕೆಲಸ ಇವಳ ಪಾಲಿಗೆ ಬಂತು. ವಯಸ್ಸಾದ ತಂದೆತಾಯಿ, ಮೂವರು ಗಂಡುಮಕ್ಕಳು, ಆರು ತಿಂಗಳ ಬಸಿರು. ಕಾಳಗದ ನಡುವೆ ಮನೆ ಬಿಟ್ಟು ಓಡಿದವಳು ನಾಲ್ಕಾರು ದಿನದ ಮೇಲೆ ಮರಳಿ ಬಂದಾಗ ಕಿಟಕಿಯ ಗಾಜುಗಳು ಒಡೆದಿದ್ದವು, ಹಾಸಿಗೆಗಳು ರಕ್ತ ಕುಡಿದು ಗಟ್ಟಿಯಾಗಿದ್ದವು. ಒಂದು ಹನಿ ರಕ್ತದ ಕಲೆ ತೆಗೆಯಲು ನಾವು ಎಷ್ಟು ಸಲ ತಣ್ಣೀರಿನಲ್ಲಿ ಉಜ್ಜುತ್ತೇವೆ, ನಿನಗೆ ಗೊತ್ತು. ಅವಳು ಇಡೀ ಹಾಸಿಗೆಗಳನ್ನು ದಿನಗಟ್ಟಲೆ ಒಗೆದಳು.

ಆಮೇಲೆ ಹೂಳುವ ಕೆಲಸ. ನೆರವಿಗೆ ಬಂದ ಇಬ್ಬರು ಗಂಡಸರು ಆ ನಾತಕ್ಕೆ ಕಾಯಿಲೆ ಬಿದ್ದು, ಒಬ್ಬ ಎರಡು ದಿನಕ್ಕೆ, ಇನ್ನೊಬ್ಬ ಐದು ದಿನಕ್ಕೆ ಬಿಟ್ಟುಹೋದರು. ಮನೆಯ ಸುತ್ತಮುತ್ತ 34 ಸತ್ತ ಕುದುರೆಗಳು ಜುಲೈ ಬಿಸಿಲಿಗೆ ಕೊಳೆಯುತ್ತಿದ್ದವು. ಉಳಿದವರು ಇವಳು ಮತ್ತು ಮುದಿ ತಂದೆ. 105 ಸೈನಿಕರನ್ನು ಮಣ್ಣು ಮಾಡಿದರು. ಬಸುರಿಯ ಗಂಡ ಕೂಡ ಹೆಣ ಹೊರಬಾರದು ಎನ್ನುತ್ತಾರೆ ನಮ್ಮ ಕಡೆ. ಇಲ್ಲಿ ಬಸುರಿಯೇ ಗುಂಡಿ ತೋಡಿದಳು! ತಿಂಗಳ ಸಂಬಳ 13 ಡಾಲರ್ ಬಿಟ್ಟರೆ ಆ ಕೆಲಸಕ್ಕೆ ಒಂದು ಕಾಸೂ ಹೆಚ್ಚಿಗೆ ಬರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪಕ್ಕದಲ್ಲೇ ಸೈನಿಕರ ರಾಷ್ಟ್ರೀಯ ಸ್ಮಶಾನವಿದೆ. ಅಲ್ಲಿ 979 ಜನರ ಗುರುತೇ ಸಿಕ್ಕಿಲ್ಲ. ಅಂಗೈ ಅಗಲದ ಬಿಳಿ ಕಲ್ಲುಗಳು, ಮೇಲೆ ಬರೀ ಸಂಖ್ಯೆ. ಪ್ರತಿಯೊಬ್ಬನಿಗೂ ಅವನ ತಾಯಿ ಒಂದು ಹೆಸರಿಟ್ಟು ಕರೆದಿದ್ದಳಲ್ಲವೇ?

ಆ ಸ್ಮಶಾನವನ್ನು ಅರ್ಪಿಸಲು ಅಂದಿನ ಅಧ್ಯಕ್ಷ ಲಿಂಕನ್ ಬಂದು ಎರಡು ನಿಮಿಷ ಮಾತನಾಡಿದ್ದು ನವೆಂಬರ್ 19ರಂದು. ಅದೇ ನವೆಂಬರಿನಲ್ಲಿ ಎಲಿಜಬೆತ್‌ಗೆ ಹೆಣ್ಣುಮಗು ಹುಟ್ಟಿತ್ತು, ರೋಸ್ ಎಂದು ಹೆಸರು. ಮಗು ಗಟ್ಟಿಯಾಗಿರಲಿಲ್ಲ, 14ನೆಯ ವಯಸ್ಸಿಗೇ ಹೋಗಿಬಿಟ್ಟಿತು. ಆ ಹುಡುಗಿ 51,000ದ ಲೆಕ್ಕದಲ್ಲಿ ಇಲ್ಲ. ಪುಟ್ಟಿ, ನಿನ್ನೆ ನಿನ್ನ ಮುಖ ನೋಡಿಕೊಂಡು ನಾನು ಹೇಳಲಾರದೆ ಹೋದದ್ದು ಇದನ್ನೇ.

ಬಿಸಿಲಿಗೆ ಕಾದ ಆ ಕಂಚಿನ ಕೈಯನ್ನು ಮುಟ್ಟಿದೆ. ಕೈಚೀಲದಲ್ಲಿ ದಾರಿಗೆಂದು ನೀನು ಹಾಕಿಕೊಟ್ಟ ಕಿತ್ತಳೆ ಹಣ್ಣು ಹಾಗೇ ಇತ್ತು. ಬಸುರಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ಅದನ್ನು ಅವಳ ಕಾಲ ಬಳಿ ಇಟ್ಟು ಬಂದೆ. ಅಳಿಯಂದಿರು ನೋಡಿದರು, ಏನೂ ಕೇಳಲಿಲ್ಲ.

ನಿನ್ನ
ಅಮ್ಮ